ಪ್ರೋಗ್ರಾಮರಿಗೆ ಬೇಕಾದ ಶೀಲ



ಈ ದತ್ತಿಯ ಆಶ್ರಯದಲ್ಲಿ ಇದುವರೆಗೆ ನಡೆದ ಉಪನ್ಯಾಸಗಳು ಬಹುಮಟ್ಟಿಗೆ ಸಾಹಿತ್ಯ, ಶಾಸನ, ಸಂಗೀತಗಳನ್ನು ಕುರಿತವು. ಅಂತಹ ವಿದ್ವಾಂಸರು ನಿಂತು ಮಾತನಾಡಿದ ಎಡೆಯಲ್ಲಿ, ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವುದರಲ್ಲಿಯೂ ಇತರರು ಬರೆದುದನ್ನು ತಿದ್ದುವುದರಲ್ಲಿಯೂ ಆಯುಷ್ಯದ ನಲವತ್ತು ವರ್ಷಗಳನ್ನು ಕಳೆದ ನಾನು ನಿಲ್ಲಬೇಕಾಗಿ ಬಂದಾಗ, ಹೇಳತಕ್ಕ ವಿಷಯವು ಆ ಪರಂಪರೆಗೆ ಕುಂದು ತಾರದಂತಿರಬೇಕೆಂಬ ಎಚ್ಚರ ಸಹಜವಾಗಿಯೇ ಮೂಡುತ್ತದೆ. ವ್ಯವಸ್ಥಾಪಕರು ನನ್ನ ಭಾರವನ್ನು ಹಗುರಮಾಡಿದರು. ಒಳ್ಳೆಯ ಪ್ರೋಗ್ರಾಮರ್ ಎನಿಸಿಕೊಳ್ಳಲು ಮನುಷ್ಯನಲ್ಲಿ ಏನಿರಬೇಕು ಎಂದು ಹುಡುಗರು ಕೇಳುತ್ತಾರೆ, ಅದನ್ನೇ ಹೇಳಿ ಎಂದರು.

ಈ ಪ್ರಶ್ನೆಯನ್ನು ತಮಗಾಗಿ ಕೇಳದ ವಿದ್ಯಾರ್ಥಿಗಳಾಗಲಿ, ಮಕ್ಕಳಿಗಾಗಿ ಕೇಳದ ತಂದೆತಾಯಿಗಳಾಗಲಿ ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ವಿರಳ. ಕೇಳಿದವರಿಗೆ ದೊರೆಯುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಗಣಿತ ಚೆನ್ನಾಗಿರಬೇಕು, ತರ್ಕ ಚುರುಕಾಗಿರಬೇಕು, ಜಾವಾ, ಪೈಥಾನ್ ಮೊದಲಾದ ಭಾಷೆಗಳು ಕರತಲಾಮಲಕವಾಗಿರಬೇಕು. ಇವು ಬೇಡವೆಂದು ನಾನು ಹೇಳಲಾರೆ. ಆದರೆ ಈ ಸಾಮಗ್ರಿಯೆಲ್ಲವೂ ಸಮೃದ್ಧವಾಗಿದ್ದವರು ಬರೆದ ತಂತ್ರಾಂಶವು ವರುಷ ತುಂಬುವುದರೊಳಗೆ ಯಾರೂ ಮುಟ್ಟಲಾರದ ಗೋಜಲಾಗಿ ಪರಿಣಮಿಸಿದ್ದನ್ನು ನಾನು ಕಂಡಿದ್ದೇನೆ. ತರಗತಿಯಲ್ಲಿ ಮಂದಗತಿಯವರೆನಿಸಿಕೊಂಡವರು ಬರೆದ ತಂತ್ರಾಂಶವು, ಬರೆದವರು ನಿವೃತ್ತರಾದ ಮೇಲೆಯೂ, ಹೊಸಬರ ಕೈಯಲ್ಲಿ ತೊಡಕಿಲ್ಲದೆ ನಡೆದುಕೊಂಡು ಹೋಗುತ್ತಿರುವುದನ್ನೂ ಕಂಡಿದ್ದೇನೆ. ಈ ಅಂತರಕ್ಕೆ ಕಾರಣವನ್ನು ನಾನು ಬಹುಕಾಲ ಬುದ್ಧಿಯಲ್ಲಿ ಹುಡುಕಿದೆ; ಅದು ಸಿಕ್ಕಿದ್ದು ಶೀಲದಲ್ಲಿ. ಒಂದೇ ಮಾತಿನಲ್ಲಿ ಹೇಳುವುದಾದರೆ, ತಾನು ತಪ್ಪುಮಾಡುವವನು ಎಂಬ ಅರಿವನ್ನು ಕ್ಷಣಕಾಲವೂ ಮರೆಯದಿರುವುದು, ಆ ಅರಿವಿನಿಂದ ಕುಗ್ಗದೆ ಅದನ್ನೇ ಕೆಲಸದ ಕ್ರಮವನ್ನಾಗಿ ಮಾಡಿಕೊಳ್ಳುವುದು, ಇದು ಪ್ರೋಗ್ರಾಮರಿಗೆ ಬೇಕಾದ ಮೊದಲ ಗುಣ. ಉಳಿದ ಗುಣಗಳೆಲ್ಲ ಇದರ ಸಂತಾನ ಎಂದೇ ನನ್ನ ತಿಳಿವಳಿಕೆ.

೧೯೪೯ರ ಮೇ ೬ರಂದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎಡ್‌ಸ್ಯಾಕ್ ಎಂಬ ಯಂತ್ರವು, ತನ್ನ ಸ್ಮೃತಿಯಲ್ಲಿಯೇ ಇರಿಸಿಕೊಂಡ ಆಜ್ಞೆಗಳನ್ನು ಒಂದೊಂದಾಗಿ ನೆರವೇರಿಸಿ, ವರ್ಗಸಂಖ್ಯೆಗಳ ಕೋಷ್ಟಕವೊಂದನ್ನು ಅಚ್ಚುಮಾಡಿ ಕೊಟ್ಟಿತು. ಅದನ್ನು ಕಟ್ಟಿದವರ ಮುಖ್ಯಸ್ಥರು ಮಾರಿಸ್ ವಿಲ್ಕ್ಸ್. ಆ ಯಶಸ್ಸಿನ ಬಳಿಕ ವಿಲ್ಕ್ಸ್ ಅವರು ಏರಿ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾದ ಸಮೀಕರಣವೊಂದನ್ನು ಬಿಡಿಸುವುದಕ್ಕಾಗಿ ಸ್ವತಃ ಒಂದು ಪ್ರೋಗ್ರಾಂ ಬರೆದರು. ಅದು ೧೨೬ ಸಾಲುಗಳ ಚಿಕ್ಕ ಬರಹ. ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು ಯಂತ್ರಕ್ಕೆ ಉಣಿಸಬೇಕು. ಆ ೧೨೬ ಸಾಲುಗಳಲ್ಲಿ ಸುಮಾರು ಇಪ್ಪತ್ತು ತಪ್ಪುಗಳಿದ್ದುವೆಂದು ಆ ಪಟ್ಟಿಯನ್ನು ಮುಂದೆ ಪರಿಶೀಲಿಸಿದವರು ಕಂಡುಕೊಂಡರು. ಯಂತ್ರವಿದ್ದ ಕೋಣೆಗೂ ರಂಧ್ರಕೊರೆಯುವ ಉಪಕರಣವಿದ್ದ ಕೋಣೆಗೂ ನಡುವೆ ಮೆಟ್ಟಿಲುಗಳಿದ್ದುವು. ತಪ್ಪನ್ನು ಕಂಡು, ಕೆಳಗಿಳಿದು, ತಿದ್ದಿ, ಮತ್ತೆ ಮೇಲೇರಿ, ಇನ್ನೊಂದು ತಪ್ಪನ್ನು ಕಾಣುವ ಆ ಪಯಣಗಳ ನಡುವೆ ಒಂದು ದಿನ, ಮೆಟ್ಟಿಲ ತಿರುವಿನಲ್ಲಿ, ತಮ್ಮ ಉಳಿದ ಬಾಳಿನ ಬಹುಭಾಗವು ತಾವೇ ಮಾಡಿದ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆಯುವುದೆಂಬ ಸತ್ಯವು ತಮಗೆ ಪೂರ್ಣಬಲದಿಂದ ಗೋಚರಿಸಿತೆಂದು ವಿಲ್ಕ್ಸ್ ಅವರು ಆತ್ಮಕಥೆಯಲ್ಲಿ ನೆನೆದುಕೊಂಡಿದ್ದಾರೆ.

ಆ ಮೆಟ್ಟಿಲ ತಿರುವನ್ನು ನಾನು ನಮ್ಮ ವೃತ್ತಿಯ ಬೋಧಿವೃಕ್ಷವೆಂದು ಭಾವಿಸುತ್ತೇನೆ. ವಿಲ್ಕ್ಸ್ ಅವರು ಅಲ್ಪಮತಿಯವರಲ್ಲ, ಯಂತ್ರವನ್ನೇ ನಿರ್ಮಿಸಿದವರು. ಅಂತಹವರ ೧೨೬ ಸಾಲುಗಳಲ್ಲಿ ಇಪ್ಪತ್ತು ತಪ್ಪುಗಳಾದರೆ, ತಪ್ಪು ಎಂಬುದು ಅಜ್ಞಾನಿಗಳಿಗೆ ಮಾತ್ರ ಬರುವ ಆಕಸ್ಮಿಕವಲ್ಲ, ಈ ಕೆಲಸದ ಸ್ವಭಾವದಲ್ಲಿಯೇ ಹುದುಗಿರುವುದು ಎಂದಾಯಿತು. ಬೇರೆ ಬರವಣಿಗೆಯಲ್ಲಿ ಓದುವವನು ನಮ್ಮ ತಪ್ಪನ್ನು ತಾನೇ ಸರಿಪಡಿಸಿಕೊಂಡು ಓದುತ್ತಾನೆ. ಪತ್ರದಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ತಾಯಿಗೆ ಮಗನ ಮಾತು ತಿಳಿಯದೆ ಹೋಗುವುದಿಲ್ಲ. ಯಂತ್ರಕ್ಕೆ ಈ ವಾತ್ಸಲ್ಯವಿಲ್ಲ. ಬರೆದದ್ದನ್ನು ಬರೆದಂತೆಯೇ ನೆರವೇರಿಸುವ ಓದುಗನೊಬ್ಬನನ್ನು ಮನುಷ್ಯನು ಮೊದಲ ಬಾರಿಗೆ ಎದುರಿಸಿದ್ದು ಇಲ್ಲಿಯೇ, ಮತ್ತು ಆ ಓದುಗನ ಮುಂದೆ ತನ್ನ ಆಲೋಚನೆ ಎಷ್ಟು ಸಡಿಲವಾದದ್ದೆಂಬುದು ಅವನಿಗೆ ಮೊದಲ ಬಾರಿಗೆ ಪ್ರತ್ಯಕ್ಷವಾದದ್ದೂ ಇಲ್ಲಿಯೇ.

ಈ ಅರಿವನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದವರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. ೧೯೫೭ರಲ್ಲಿ ತಮ್ಮ ವಿವಾಹದ ನೋಂದಣಿಯ ಸಂದರ್ಭದಲ್ಲಿ ವೃತ್ತಿಯ ಹೆಸರನ್ನು ಕೇಳಿದಾಗ ಅವರು ಪ್ರೋಗ್ರಾಮರ್ ಎಂದು ಹೇಳಿದರಂತೆ. ಅಂತಹ ವೃತ್ತಿಯೇ ಇಲ್ಲವೆಂದು ಆಮ್‌ಸ್ಟರ್‌ಡ್ಯಾಮಿನ ನಗರಾಧಿಕಾರಿಗಳು ಒಪ್ಪದಿರಲು, ದಾಖಲೆಯಲ್ಲಿ ಅವರು ಭೌತವಿಜ್ಞಾನಿಯಾಗಿ ಉಳಿಯಬೇಕಾಯಿತು. ಹದಿನೈದು ವರ್ಷಗಳ ಬಳಿಕ, ೧೯೭೨ರಲ್ಲಿ, ಗಣಕವಿಜ್ಞಾನದ ಅತ್ಯುಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸುವಾಗ ಅವರು ಮಾಡಿದ ಉಪನ್ಯಾಸಕ್ಕೆ ‘ವಿನೀತ ಪ್ರೋಗ್ರಾಮರ್’ ಎಂಬರ್ಥದ ಹೆಸರಿಟ್ಟರು. ಅದರ ತಿರುಳು ಇಷ್ಟು: ಮನುಷ್ಯನ ತಲೆಬುರುಡೆಯೊಳಗೆ ಹಿಡಿಯುವುದು ಅತ್ಯಲ್ಪ, ಸಮರ್ಥನಾದವನು ಈ ಮಿತಿಯನ್ನು ಪೂರ್ಣವಾಗಿ ಬಲ್ಲವನಾದುದರಿಂದ, ಜಾಣತನದ ಕಸರತ್ತುಗಳನ್ನು ದೂರವಿಟ್ಟು, ತನ್ನ ಚಿಕ್ಕ ತಲೆಯಲ್ಲಿ ಅಖಂಡವಾಗಿ ಹಿಡಿಯಬಲ್ಲಷ್ಟು ಸರಳವಾದುದನ್ನೇ ಕಟ್ಟುತ್ತಾನೆ. ವಿನಯ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಸಭಾಮರ್ಯಾದೆಯ ಅರ್ಥದಲ್ಲಿ ಬಳಸುತ್ತೇವೆ. ಡೈಕ್‌ಸ್ಟ್ರಾ ಅವರ ನಡೆನುಡಿಗಳಲ್ಲಿ ಆ ಬಗೆಯ ಮೃದುತ್ವವೇನೂ ಇರಲಿಲ್ಲ. ಒಪ್ಪದ ಮಾತನ್ನು ಅವರು ಖಂಡತುಂಡವಾಗಿ ಖಂಡಿಸುತ್ತಿದ್ದರು. ಅವರು ಹೇಳಿದ ವಿನಯವು ಅಳತೆಯ ವಿನಯ: ಭಾರ ಹೊರುವವನು ತನ್ನ ಬೆನ್ನಿನ ಬಲವನ್ನು ತಿಳಿದಿರುವಂತೆ, ತನ್ನ ಬುದ್ಧಿಯ ಬಲವನ್ನು ತಿಳಿದಿರುವುದು.

ನನಗೆ ಈ ಪಾಠ ಪುಸ್ತಕದಿಂದ ಬರಲಿಲ್ಲ. ೧೯೮೩ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಪಟ್ಟಣದ ಸಹಕಾರ ಸಂಘದ ಠೇವಣಿಗಳಿಗೆ ಬಡ್ಡಿ ಲೆಕ್ಕಹಾಕುವ ಪ್ರೋಗ್ರಾಮನ್ನು ಕೋಬಾಲ್ ಭಾಷೆಯಲ್ಲಿ ಬರೆದುಕೊಟ್ಟೆ. ಮೂರು ತಿಂಗಳ ತನಕ ಕೈಬರಹದ ಖಾತೆಯೂ ಯಂತ್ರದ ಲೆಕ್ಕವೂ ಜೊತೆಜೊತೆಯಾಗಿ ನಡೆಯತಕ್ಕದ್ದೆಂದು ಸಂಘದವರು ನಿಯಮಮಾಡಿದ್ದರು. ಮೊದಲ ತಿಂಗಳ ಕೊನೆಯಲ್ಲಿ, ನಿವೃತ್ತಿಗೆ ಸಮೀಪಿಸಿದ್ದ ಗುಮಾಸ್ತರೊಬ್ಬರು ಖಾತೆ ಪುಸ್ತಕವನ್ನು ಎದೆಗವಚಿಕೊಂಡು ಬಂದು, “ಯಂತ್ರದ ವಿಷಯ ನನಗೆ ತಿಳಿಯದು ಸಾರ್, ಆದರೆ ಮೊತ್ತ ತಾಳೆ ಆಗ್ತಾ ಇಲ್ಲ, ಹದಿನೇಳು ರೂಪಾಯಿ ಚಿಲ್ಲರೆ ಕಡಿಮೆ ಬರ್ತಿದೆ” ಎಂದರು. ಕೈಲೆಕ್ಕದಲ್ಲಿ ತಪ್ಪಿರಬೇಕು ನೋಡಿ ಎಂದೆ. ಅವರು ನೋಡಿಕೊಂಡು ಮರುದಿನ ಬಂದರು. ಮತ್ತೊಮ್ಮೆ ನೋಡಿ ಎಂದೆ. ಮೂರನೆಯ ದಿನ ಅವರು ಯಾವ ವಾದವನ್ನೂ ಮಾಡದೆ, ಒಂದೇ ಒಂದು ಖಾತೆಯ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನನ್ನ ಮುಂದಿಟ್ಟರು. ಬಡ್ಡಿಯಲ್ಲಿ ಪೈಸೆಯ ಭಿನ್ನಾಂಶ ಅರ್ಧಕ್ಕಿಂತ ಹೆಚ್ಚಿದ್ದಾಗ ಅವರು ಒಂದು ಪೈಸೆಗೆ ಏರಿಸಿದ್ದರು. ನನ್ನ ಪ್ರೋಗ್ರಾಂ ಅದನ್ನು ಕತ್ತರಿಸಿ ಹಾಕಿತ್ತು. ಕೋಬಾಲಿನಲ್ಲಿ ‘ರೌಂಡೆಡ್’ ಎಂಬ ಒಂದು ಪದವನ್ನು ಆಜ್ಞೆಗೆ ಸೇರಿಸದಿದ್ದರೆ ಯಂತ್ರವು ಉಳಿದ ಭಿನ್ನಾಂಶವನ್ನು ಬಿಟ್ಟುಬಿಡುತ್ತದೆ. ಒಂದು ಖಾತೆಯಲ್ಲಿ ಒಂದು ಪೈಸೆಯನ್ನು ಮೀರದ ಆ ನಷ್ಟ ಸಾವಿರಾರು ಖಾತೆಗಳಲ್ಲಿ ಕೂಡಿ ಹದಿನೇಳು ರೂಪಾಯಿಯಾಗಿತ್ತು.

ತಪ್ಪು ಚಿಕ್ಕದು, ಒಂದು ಪದ ಸೇರಿಸಲು ಕ್ಷಣವೂ ಬೇಕಾಗಲಿಲ್ಲ. ನನ್ನನ್ನು ಇಂದಿಗೂ ನೋಯಿಸುವುದು ಆ ಎರಡು ದಿನಗಳು. ಲೆಕ್ಕದಲ್ಲಿ ಬದುಕನ್ನು ಸವೆಸಿದ ಹಿರಿಯರೊಬ್ಬರನ್ನು, ನನ್ನ ಬರಹವನ್ನು ನಾನೇ ಒಮ್ಮೆ ತೆರೆದು ನೋಡದೆ, ಎರಡು ರಾತ್ರಿ ಸಾವಿರಾರು ಖಾತೆಗಳನ್ನು ಮತ್ತೆ ಮತ್ತೆ ಕೂಡುವಂತೆ ಮಾಡಿದೆನಲ್ಲ, ಅಲ್ಲಿ ಕೊರತೆಯಾದದ್ದು ಜ್ಞಾನವಲ್ಲ. ದೋಷ ಎಲ್ಲಿದೆ ಎಂಬ ಪ್ರಶ್ನೆ ಎದ್ದಾಗ ಮೊದಲು ತನ್ನ ಕಡೆಗೆ ತಿರುಗಿ ನೋಡುವ ಅಭ್ಯಾಸ ನನ್ನಲ್ಲಿರಲಿಲ್ಲ.

ನನ್ನ ಅಹಂಭಾವದ ಬೆಲೆ ಹದಿನೇಳು ರೂಪಾಯಿ ಮತ್ತು ಒಬ್ಬರ ಎರಡು ರಾತ್ರಿಗಳ ನಿದ್ರೆ. ಇದೇ ಭಾವಕ್ಕೆ ಇನ್ನೊಂದೆಡೆ ತೆತ್ತ ಬೆಲೆಯನ್ನು ಹೇಳಲೇಬೇಕು. ಅರ್ಬುದರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಥೆರಾಕ್-೨೫ ಎಂಬ ಯಂತ್ರವು ಕೆನಡಾದಲ್ಲಿ ನಿರ್ಮಾಣಗೊಂಡು, ಅಲ್ಲಿಯೂ ಅಮೆರಿಕದಲ್ಲಿಯೂ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತ್ತು. ಅದರ ಹಿಂದಿನ ಮಾದರಿಗಳಲ್ಲಿ, ತಂತ್ರಾಂಶ ತಪ್ಪಿದರೂ ಅಪಾಯಕರವಾದ ಕಿರಣ ಹೊರಡದಂತೆ ತಡೆಯುವ ವಿದ್ಯುತ್ ಹಾಗೂ ಯಾಂತ್ರಿಕ ಅಡೆಗಳಿದ್ದುವು. ಹೊಸ ಮಾದರಿಯಲ್ಲಿ ಆ ಅಡೆಗಳನ್ನು ತೆಗೆದು, ರಕ್ಷಣೆಯ ಹೊಣೆಯನ್ನು ಬಹುಮಟ್ಟಿಗೆ ತಂತ್ರಾಂಶಕ್ಕೇ ಒಪ್ಪಿಸಲಾಯಿತು. ತಂತ್ರಾಂಶವಾದರೋ ಹಳೆಯ ಮಾದರಿಗಳಿಂದ ಬಹುಪಾಲು ಎರವಲು ತಂದದ್ದು. ೧೯೮೫ರಿಂದ ೧೯೮೭ರ ವರೆಗಿನ ಅವಧಿಯಲ್ಲಿ ಆರು ಮಂದಿ ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿದ್ದಿತು. ಅದರಿಂದ ಸಾವುಗಳೂ ಸಂಭವಿಸಿದುವು. ದೂರು ಬಂದಾಗ, ಅಂತಹ ಅತಿವಿಕಿರಣವು ಈ ಯಂತ್ರದಿಂದ ಅಸಾಧ್ಯ ಎಂಬ ಉತ್ತರ ಹೋಯಿತು. ಅಸಾಧ್ಯ! ಕೊನೆಗೆ ಅಮೆರಿಕದ ಟೆಕ್ಸಸ್ ಪ್ರಾಂತ್ಯದ ಆಸ್ಪತ್ರೆಯೊಂದರ ಭೌತವಿಜ್ಞಾನಿ, ಯಂತ್ರ ನಡೆಸುತ್ತಿದ್ದ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಂಡು, ಅಪಘಾತದ ದಿನ ಆಕೆ ಯಾವ ಕೀಲಿಗಳನ್ನು ಯಾವ ವೇಗದಲ್ಲಿ ಒತ್ತಿದ್ದಳೋ ಹಾಗೆಯೇ ಮತ್ತೆ ಮತ್ತೆ ಒತ್ತಿ, ದೋಷವನ್ನು ಹೊರಗೆಳೆದರು. ಚಿಕಿತ್ಸೆಯ ವಿವರವನ್ನು ತಪ್ಪಾಗಿ ಬೆರಳಚ್ಚಿಸಿ ಸುಮಾರು ಎಂಟು ಸೆಕೆಂಡುಗಳೊಳಗಾಗಿ ತಿದ್ದಿದರೆ, ತೆರೆಯ ಮೇಲೆ ತಿದ್ದಿದ ವಿವರವು ಕಾಣುತ್ತಿತ್ತು, ಆದರೆ ಯಂತ್ರದೊಳಗಿನ ಸ್ಥಿತಿ ಅದಕ್ಕೆ ಹೊಂದಿಕೊಳ್ಳುತ್ತಿರಲಿಲ್ಲ. ಕೆಲಸ ಕಲಿತು ಕೈ ಚುರುಕಾದವರಿಗೆ ಮಾತ್ರ ಕಾಣಿಸಿಕೊಳ್ಳುವ ದೋಷವದು. ಪ್ರಯೋಗಾಲಯದಲ್ಲಿ ನಿಧಾನವಾಗಿ ಪರೀಕ್ಷಿಸಿದವರಿಗೆ ಅದು ಕಾಣಲೇ ಇಲ್ಲ. ಹಳೆಯ ಮಾದರಿಯಲ್ಲಿಯೂ ಇದೇ ದೋಷವಿತ್ತು; ಅಲ್ಲಿ ಅಡೆಗಳು ರೋಗಿಯನ್ನು ಕಾಪಾಡುತ್ತಿದ್ದುವಾದುದರಿಂದ ಅದು ಯಾರ ಅರಿವಿಗೂ ಬಂದಿರಲಿಲ್ಲ. ಹೀಗೆ, ಇಷ್ಟು ವರ್ಷ ತೊಂದರೆಯಾಗಿಲ್ಲ ಎಂಬುದೇ ಆ ತಂತ್ರಾಂಶದ ನಿರ್ದೋಷತೆಗೆ ಪ್ರಮಾಣವಾಗಿ ನಿಂತಿತು. ಪರೀಕ್ಷೆಯು ದೋಷದ ಇರುವಿಕೆಯನ್ನು ತೋರಿಸಬಲ್ಲುದೇ ಹೊರತು ಅದರ ಅಭಾವವನ್ನು ಎಂದಿಗೂ ತೋರಿಸಲಾರದು ಎಂದು ಡೈಕ್‌ಸ್ಟ್ರಾ ಅವರು ಈ ದುರಂತಗಳಿಗೆ ಹದಿನೈದು ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು. ಆ ತಂತ್ರಾಂಶವನ್ನು ಒಬ್ಬನೇ ಬರೆದಿದ್ದನೆಂದೂ, ಹೊರಗಿನವರು ಯಾರೂ ಅದನ್ನು ಸ್ವತಂತ್ರವಾಗಿ ಓದಿ ಪರಿಶೀಲಿಸಿರಲಿಲ್ಲವೆಂದೂ ಮುಂದೆ ನಡೆದ ವಿಮರ್ಶೆಯಿಂದ ತಿಳಿದುಬಂದಿತು.

ತಾನು ಬರೆದುದನ್ನು ಇನ್ನೊಬ್ಬರು ಓದಿ ದೋಷ ತೋರಿಸುವುದಕ್ಕೆ ಒಡ್ಡಿಕೊಳ್ಳುವುದು ಆದಕಾರಣ ಈ ವೃತ್ತಿಯಲ್ಲಿ ಸೌಜನ್ಯದ ಮಾತಲ್ಲ, ಧರ್ಮದ ಮಾತು. ಜೆರಾಲ್ಡ್ ವೈನ್‌ಬರ್ಗ್ ಎಂಬವರು ಪ್ರೋಗ್ರಾಮಿಂಗಿನ ಮನಶ್ಶಾಸ್ತ್ರವನ್ನು ಕುರಿತು ೧೯೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತನ್ನ ಬರಹವನ್ನು ತನ್ನ ಶರೀರದ ಅಂಗವೆಂಬಂತೆ ಕಾಣುವವನು ಅದರ ದೋಷವನ್ನು ಕಾಣಲಾರನೆಂದು ವಿವರಿಸಿ, ಅಹಂಕಾರವಿಲ್ಲದ ಪ್ರೋಗ್ರಾಮಿಂಗ್ ಎಂಬ ಆದರ್ಶವನ್ನು ಮುಂದಿಟ್ಟರು. ನಮ್ಮ ಹುಡುಗರು ಇದನ್ನು ಹೊಸ ವಿಚಾರವೆಂದು ಓದುತ್ತಾರೆ. ಆದರೆ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯ ಸಮಸ್ತ ವ್ಯವಸ್ಥೆಯನ್ನೂ ಅಡಕಗೊಳಿಸಿದ ಪಾಣಿನಿಯ ಗ್ರಂಥಕ್ಕೆ ಏನಾಯಿತೆಂಬುದನ್ನು ನೋಡಿ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣವನ್ನು ನಿರೂಪಿಸಲು ಬಳಸುವ ಸಂಕೇತಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ೧೯೬೭ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸರು ಸೂಚಿಸಿದ್ದರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳತಕ್ಕದ್ದೇ. ಅದಕ್ಕಿಂತ ಹೆಚ್ಚು ನನ್ನನ್ನು ಸೆಳೆಯುವುದು ಅದರ ನಂತರದ ಕಥೆ. ಕಾತ್ಯಾಯನನು ಆ ಸೂತ್ರಗಳಲ್ಲಿ ಅನೇಕವನ್ನು ಎತ್ತಿಕೊಂಡು, ಇಲ್ಲಿ ಹೇಳಿದ್ದು ಸಾಲದು, ಇಲ್ಲಿ ಹೇಳಿದ್ದು ಹೆಚ್ಚಾಯಿತು ಎಂದು ವಾರ್ತಿಕಗಳನ್ನು ರಚಿಸಿದನು. ಪತಂಜಲಿಯು ಇಬ್ಬರ ಮಾತನ್ನೂ ತೂಗಿ ಮಹಾಭಾಷ್ಯವನ್ನು ಬರೆದನು. ಪರಂಪರೆಯು ಈ ಮೂವರನ್ನೂ ಮುನಿಗಳೆಂದೇ ಕರೆಯಿತು. ಮೂವರಲ್ಲಿ ಭಿನ್ನಾಭಿಪ್ರಾಯ ಬಂದಾಗ ಹಿಂದಿನವನಿಗಿಂತ ಮುಂದಿನವನ ಮಾತೇ ಹೆಚ್ಚು ಪ್ರಮಾಣವೆಂದು ನಿರ್ಣಯಿಸಿತು. ಮೂಲಕರ್ತೃವಿನ ಮೇಲೆ ಅಪಾರ ಭಕ್ತಿಯುಳ್ಳ ಜನವೇ ತಿದ್ದಿದವನ ಮಾತಿಗೆ ಹೆಚ್ಚಿನ ಅಧಿಕಾರ ಕೊಟ್ಟಿತೆಂಬುದನ್ನು ನಾನು ಎಷ್ಟು ಬಾರಿ ನೆನೆದರೂ ಆಶ್ಚರ್ಯಪಡುತ್ತೇನೆ. ತನ್ನ ಬರಹವನ್ನು ಸಹೋದ್ಯೋಗಿಯೊಬ್ಬಳು ತಿದ್ದಿದಳೆಂದು ಮುಖ ಕಪ್ಪಿಟ್ಟುಕೊಳ್ಳುವ ತರುಣನಿಗೆ ಈ ಮೂವರು ಮುನಿಗಳ ಕಥೆಯನ್ನು ಹೇಳಬೇಕು.

ನಮ್ಮ ಕಾಲದಲ್ಲಿ ಇದೇ ಮನೋಧರ್ಮವನ್ನು ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರಲ್ಲಿ ಕಾಣುತ್ತೇವೆ. ೧೯೬೮ರಲ್ಲಿ ಮೊದಲ ಸಂಪುಟ ಹೊರಬಂದ ಪ್ರೋಗ್ರಾಮಿಂಗ್ ಕುರಿತ ತಮ್ಮ ಮಹಾಗ್ರಂಥದಲ್ಲಿ ತಪ್ಪು ಕಂಡುಹಿಡಿದವರಿಗೆ ಅವರು ೨ ಡಾಲರ್ ೫೬ ಸೆಂಟುಗಳ ಬಹುಮಾನವನ್ನು ಗೊತ್ತುಮಾಡಿದರು. ೨೫೬ ಎಂಬುದು ಗಣಕದ ಲೋಕದಲ್ಲಿ ದುಂಡಾದ ಸಂಖ್ಯೆ. ಬಹುಮಾನದ ಚೆಕ್ಕನ್ನು ಪಡೆದವರು ಅದನ್ನು ಬ್ಯಾಂಕಿಗೆ ಒಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುವುದು ವಾಡಿಕೆಯಾಯಿತು. ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನು ನಿರ್ಮಿಸಿದಾಗ, ಅದರಲ್ಲಿ ತಾವು ಮಾಡಿದ ಒಂದೊಂದು ತಪ್ಪನ್ನೂ ದಿನಚರಿಯಂತೆ ಬರೆದಿಟ್ಟು, ವರ್ಗೀಕರಿಸಿ, ೧೯೮೯ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಕೀರ್ತಿಶಿಖರದಲ್ಲಿದ್ದವರೊಬ್ಬರು ತಮ್ಮ ತಪ್ಪುಗಳ ಪಟ್ಟಿಯನ್ನು ತಾವೇ ಅಚ್ಚುಹಾಕಿಸಿದ ನಿದರ್ಶನ ಬೇರೆ ಶಾಸ್ತ್ರಗಳಲ್ಲಿ ನನಗೆ ಸಿಕ್ಕಿಲ್ಲ.

ಇನ್ನು ಎರಡನೆಯ ಗುಣಕ್ಕೆ ಬರುತ್ತೇನೆ. ಅದನ್ನು ಕೇಳಿ ಈ ಸಭೆಗೆ ಸಂತೋಷವಾಗಬಹುದು. ಗಣಿತದ ಒಲವನ್ನು ಬಿಟ್ಟರೆ ಸಮರ್ಥ ಪ್ರೋಗ್ರಾಮರಿಗೆ ಅತ್ಯಂತ ಮುಖ್ಯವಾದ ಸಂಪತ್ತು ಮಾತೃಭಾಷೆಯ ಮೇಲಣ ಅಸಾಧಾರಣ ಪ್ರಭುತ್ವ ಎಂದು ಡೈಕ್‌ಸ್ಟ್ರಾ ಅವರು ೧೯೭೫ರಲ್ಲಿ ಬರೆದರು. ಸಾವಿರಕ್ಕೂ ಮಿಕ್ಕ ಟಿಪ್ಪಣಿಗಳನ್ನು, ಬಹುಪಾಲು ಫೌಂಟನ್ ಪೆನ್ನಿನಿಂದ, ತಿದ್ದಿಲ್ಲದ ಸುಂದರ ಕೈಬರಹದಲ್ಲಿ ಬರೆದು ಸ್ನೇಹಿತರಿಗೆ ಹಂಚುತ್ತಿದ್ದ ಆ ಮನುಷ್ಯನು ಈ ಮಾತನ್ನು ಅಲಂಕಾರಕ್ಕಾಗಿ ಆಡಿದವನಲ್ಲ. ಇದರ ಸತ್ಯವನ್ನು ಒಂದು ಚಿಕ್ಕ ಉದಾಹರಣೆಯಿಂದ ತಿಳಿಸಬಹುದು. ೬೦ ವರ್ಷ ಮೇಲ್ಪಟ್ಟವರಿಗೆ ರಿಯಾಯಿತಿ ಕೊಡತಕ್ಕದ್ದು ಎಂದು ಒಂದು ಆದೇಶ ಬಂದಿದೆಯೆನ್ನಿ. ಇಂದಿಗೆ ಸರಿಯಾಗಿ ೬೦ ತುಂಬಿದವರು ಅದರಲ್ಲಿ ಸೇರಿದರೋ ಇಲ್ಲವೋ? ಫೆಬ್ರವರಿ ೨೯ರಂದು ಹುಟ್ಟಿದವರಿಗೆ ಸಾಮಾನ್ಯ ವರ್ಷದಲ್ಲಿ ವಯಸ್ಸು ಎಂದು ತುಂಬುತ್ತದೆ? ಹುಟ್ಟಿದ ವರ್ಷ ಮಾತ್ರ ಗೊತ್ತಿದ್ದು ದಿನ ತಿಳಿಯದ ಹಳ್ಳಿಯ ಅಜ್ಜಿಯನ್ನು ಏನು ಮಾಡಬೇಕು? ಈ ಪ್ರಶ್ನೆಗಳು ಜಾವಾದಲ್ಲಿ ಹುಟ್ಟುವುದಿಲ್ಲ, ಪೈಥಾನಿನಲ್ಲಿ ಹುಟ್ಟುವುದಿಲ್ಲ. ‘ಮೇಲ್ಪಟ್ಟ’ ಎಂಬ ಕನ್ನಡ ಮಾತಿನ ಮುಂದೆ ನಿಂತು, ಇದರ ಅರ್ಥವೇನು ಎಂದು ಕೇಳಿಕೊಳ್ಳುವ ಮನಸ್ಸಿನಲ್ಲಿ ಹುಟ್ಟುತ್ತವೆ. ಮಾತಿನ ಸೂಕ್ಷ್ಮದಲ್ಲಿ ಪಳಗದವನಿಗೆ ಆ ವಾಕ್ಯವು ಸ್ಪಷ್ಟವಾಗಿಯೇ ಕಾಣುತ್ತದೆ. ಅವನು ಕೂಡಲೇ ಬರೆಯಲು ತೊಡಗುತ್ತಾನೆ. ತಪ್ಪು ಅಲ್ಲಿಯೇ ಮೊಳೆಯುತ್ತದೆ.

ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದವರಿಗೆ ನಾನು ವಿಧಿಸುತ್ತಿದ್ದ ನಿಯಮ ಒಂದೇ: ಬರೆಯಬೇಕೆಂದಿರುವ ಪ್ರೋಗ್ರಾಂ ಏನು ಮಾಡತಕ್ಕದ್ದೆಂಬುದನ್ನು ಮೊದಲು ನಿಮ್ಮ ಮನೆಯ ಮಾತಿನಲ್ಲಿ, ಗಣಕವನ್ನು ಕಾಣದವರಿಗೂ ತಿಳಿಯುವಂತೆ, ಒಂದು ಪುಟ ಬರೆದು ತನ್ನಿ. ಕನ್ನಡದವರು ಕನ್ನಡದಲ್ಲಿ, ತೆಲುಗಿನವರು ತೆಲುಗಿನಲ್ಲಿ. ಇಂಗ್ಲಿಷಿನಲ್ಲಿ ಬರೆಯಲು ಅನೇಕರಿಗೆ ಕಷ್ಟವಾಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ಸಿದ್ಧವಾಗಿ ದೊರೆಯುವ ಪದಗುಚ್ಛಗಳ ಮರೆಯಲ್ಲಿ ತಿಳಿಯದಿರುವುದನ್ನು ಬಚ್ಚಿಡಬಹುದು. ತಾಯಿಯ ಭಾಷೆಯಲ್ಲಿ ಆ ಮರೆ ಇಲ್ಲ. ತಿಳಿಯದೆ ಹೇಳಿದರೆ ನಾಲಗೆಗೇ ಗೊತ್ತಾಗುತ್ತದೆ. ಸರಿಯಾಗಿ ಒಂದು ಪುಟ ಬರೆದವರ ಪ್ರೋಗ್ರಾಮುಗಳಲ್ಲಿ ದೋಷಗಳು ಕಡಿಮೆಯಿರುತ್ತಿದ್ದುವೆಂಬುದನ್ನು ನಾನು ಅನುಭವದ ಮೇಲೆ ಹೇಳುತ್ತೇನೆ. ಹೀಗಿರುವಲ್ಲಿ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕನ್ನಡ ತರಗತಿ ಕಾಲಹರಣವೆಂದು ಹೇಳುವ ಪೋಷಕರನ್ನೂ ಪ್ರಾಧ್ಯಾಪಕರನ್ನೂ ಕಂಡಾಗ ನನಗೆ ದುಃಖವಾಗುತ್ತದೆ.

ಮೂರನೆಯದು, ಕಣ್ಣಿಗೆ ಕಾಣದವರನ್ನು ಕಲ್ಪಿಸಿಕೊಳ್ಳುವ ಶಕ್ತಿ. ಅಪೊಲೊ ಚಂದ್ರಯಾನದ ತಂತ್ರಾಂಶ ತಂಡದ ನಾಯಕಿಯಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ ಅವರು ಸಂಜೆಗಳಲ್ಲಿಯೂ ವಾರಾಂತ್ಯಗಳಲ್ಲಿಯೂ ತಮ್ಮ ಪುಟ್ಟ ಮಗಳನ್ನು ಪ್ರಯೋಗಾಲಯಕ್ಕೆ ಕರೆತರುತ್ತಿದ್ದರು. ಒಮ್ಮೆ ಆ ಮಗು ನೌಕೆಯ ಅನುಕರಣ ಯಂತ್ರದಲ್ಲಿ ಆಟವಾಡುತ್ತ, ಹಾರಾಟದ ನಡುವೆಯೇ, ಉಡಾವಣೆಗೆ ಮುಂಚೆ ನಡೆಯತಕ್ಕ ಪ್ರೋಗ್ರಾಮನ್ನು ಆರಿಸಿಬಿಟ್ಟಿತು, ಯಂತ್ರ ಕುಸಿಯಿತು. ಇದಕ್ಕೊಂದು ತಡೆಯನ್ನು ಬರೆಯೋಣವೆಂದು ತಾಯಿ ಕೇಳಿದಾಗ, ಅಂತರಿಕ್ಷಯಾನಿಗಳು ಅಷ್ಟು ತರಬೇತಿ ಪಡೆದವರು, ಇಂತಹ ತಪ್ಪನ್ನು ಮಾಡುವುದಿಲ್ಲ ಎಂಬ ಉತ್ತರ ಬಂದಿತು. ೧೯೬೮ರ ಡಿಸೆಂಬರಿನಲ್ಲಿ ಅಪೊಲೊ-೮ ನೌಕೆಯಲ್ಲಿದ್ದ ಜಿಮ್ ಲೊವೆಲ್ ಅವರು ಅದೇ ತಪ್ಪನ್ನು ಮಾಡಿದರು. ಪಥನಿರ್ದೇಶನದ ದತ್ತಾಂಶ ಅಳಿಸಿಹೋಗಿ, ಭೂಮಿಯಿಂದ ಅದನ್ನು ಮತ್ತೆ ಕಳುಹಿಸಬೇಕಾಯಿತು. ತಾನು ತಪ್ಪುವವನೆಂದು ಬಲ್ಲವನಿಗೆ ಮಾತ್ರ ಇತರರೂ ತಪ್ಪುವರೆಂಬುದನ್ನು ಅವರ ಮೇಲೆ ಕೋಪವಿಲ್ಲದೆ ಮುಂಗಾಣುವುದು ಸಾಧ್ಯ.

ಇದನ್ನು ನಮ್ಮ ನಾಡಿನ ಮಟ್ಟಿಗೆ ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದು ಅವರ ಸ್ವಂತದ್ದು. ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಮನೆಗಳನ್ನಿಟ್ಟು, ಕೊನೆಯದು ವಂಶದ ಹೆಸರೆಂದು ತಿಳಿಯುವ ತಂತ್ರಾಂಶವು ರಾಷ್ಟ್ರಕವಿಯನ್ನು ಊರಿನ ಹೆಸರಿನಿಂದ ಕರೆದು, ಅವರ ಹೆಸರನ್ನು ವಂಶಕ್ಕೆ ಅಂಟಿಸುತ್ತದೆ. ಧಾರವಾಡದ ಕಡೆ ಅಡ್ಡಹೆಸರುಗಳುಂಟು. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಅವು ಇಲ್ಲ. ಒಂದೇ ಪದದ ಹೆಸರಿನ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಕೊನೆಯ ಹೆಸರಿನ ಮನೆ ಖಾಲಿಯಿದ್ದರೆ ಅರ್ಜಿ ಮುಂದಕ್ಕೆ ಹೋಗದಂತೆ ಬರೆದವನು, ಆಕೆ ಒಂದು ದಾಖಲೆಯಲ್ಲಿ ಗಂಡನ ಹೆಸರನ್ನೂ ಇನ್ನೊಂದರಲ್ಲಿ ತಂದೆಯ ಹೆಸರನ್ನೂ ತುಂಬುವಂತೆ ಮಾಡಿ, ಹತ್ತು ವರ್ಷಗಳ ಬಳಿಕ ಎರಡೂ ತಾಳೆಯಾಗುವುದಿಲ್ಲವೆಂದು ಆಕೆಯ ಪಿಂಚಣಿ ನಿಲ್ಲಲು ಕಾರಣನಾಗುತ್ತಾನೆ. ಅವನಿಗೆ ಆ ವೃದ್ಧೆಯ ಮುಖ ಎಂದಿಗೂ ಕಾಣುವುದಿಲ್ಲ.

ಲಿಪಿಯ ವಿಷಯವೂ ಹಾಗೆಯೇ. ಯೂನಿಕೋಡಿನಲ್ಲಿ ‘ಕೊ’ ಎಂಬುದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ನಡುವೆ ಕಾಣದ ಸಂಕೇತವೊಂದನ್ನು ಇಡಬೇಕು. ಅದನ್ನು ಇಟ್ಟವರೂ ಇಡದವರೂ ಒಂದೇ ಪಟ್ಟಿಯಲ್ಲಿದ್ದರೆ, ಹುಡುಕುವವನಿಗೆ ಅರ್ಧ ಜನ ಸಿಗುವುದಿಲ್ಲ. ಇವನ್ನೆಲ್ಲ ಅರಿತು ಸಮಗೊಳಿಸುವುದು ಕಷ್ಟದ ವಿದ್ಯೆಯಲ್ಲ. ಕನ್ನಡದಲ್ಲಿ ಹುಡುಕುವವರೂ ಇದ್ದಾರೆ ಎಂಬ ನೆನಪಿದ್ದರೆ ಸಾಕು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರಲ್ಲಿ ಆ ನೆನಪು ಸದಾ ಜಾಗೃತವಾಗಿತ್ತು. ಕನ್ನಡ ಬೆರಳಚ್ಚು ಯಂತ್ರದಲ್ಲಿ ಬರೆಯುವವನು ಅಕ್ಷರದ ಆಕಾರವನ್ನು ತುಂಡುತುಂಡಾಗಿ ಕೂಡಿಸಬೇಕಾಗಿತ್ತು. ರಾವ್ ಅವರು ಅದನ್ನು ತಿರುಗುಮುರುಗು ಮಾಡಿ, ಬರೆಯುವವನು ಉಚ್ಚಾರಣೆಯ ಕ್ರಮದಲ್ಲಿ ಕೀಲಿಗಳನ್ನು ಒತ್ತಲಿ, ಒತ್ತು, ಗುಣಿತ, ಅರ್ಕಾವೊತ್ತುಗಳ ಆಕಾರದ ಚಿಂತೆಯನ್ನು ಯಂತ್ರ ಹೊರಲಿ ಎಂದು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡವನ್ನು ಅಳವಡಿಸಿದರು. ನುಡಿ ಮೊದಲಾದ ತಂತ್ರಾಂಶಗಳಲ್ಲಿ ಇಂದು ನಾವು ಬಳಸುವ ಕನ್ನಡ ಕೀಲಿಮಣೆಗೆ ಆ ವಿನ್ಯಾಸವೇ ಮೂಲ. ಶ್ರಮವನ್ನು ಮನುಷ್ಯನಿಂದ ಎತ್ತಿ ಯಂತ್ರದ ಮೇಲಿಟ್ಟ ಈ ಕೆಲಸವನ್ನು ನಾನು ಕರುಣೆಯ ಕೆಲಸವೆಂದೇ ಎಣಿಸುತ್ತೇನೆ.

ಪರ್ಲ್ ಭಾಷೆಯ ಕರ್ತೃವಾದ ಲ್ಯಾರಿ ವಾಲ್ ಅವರು ಪ್ರೋಗ್ರಾಮರಿಗೆ ಆಲಸ್ಯ, ಅಸಹನೆ, ಅಹಂಕಾರ ಎಂಬ ಮೂರು ಗುಣಗಳಿರಬೇಕೆಂದು ಹೇಳಿರುವುದು ತರುಣರಲ್ಲಿ ಬಹಳ ಪ್ರಚಾರದಲ್ಲಿದೆ. ಮೊದಲನೆಯದನ್ನು ನಾನು ಒಪ್ಪುತ್ತೇನೆ: ಮಾಡಿದ್ದನ್ನೇ ಮಾಡಲು ಬೇಸರಪಡುವವನು ಆ ಕೆಲಸವನ್ನು ಯಂತ್ರಕ್ಕೆ ಕಲಿಸುತ್ತಾನೆ. ಎರಡನೆಯದು ಯಂತ್ರದ ಮೇಲೆ ಇರಲಿ, ಮನುಷ್ಯರ ಮೇಲೆ ಬೇಡ. ಮೂರನೆಯದರಿಂದ ಅವರು ಉದ್ದೇಶಿಸಿದ್ದು ಕೆಲಸದ ಅಚ್ಚುಕಟ್ಟಿನಲ್ಲಿ ಇರಬೇಕಾದ ಅಭಿಮಾನವನ್ನು. ಅದಕ್ಕೆ ಆ ಹೆಸರು ತಗದು ಎಂದು ನನ್ನ ಅಭಿಪ್ರಾಯ.

ಇಂದು ಯಂತ್ರವೇ ಪ್ರೋಗ್ರಾಂ ಬರೆದುಕೊಡುವ ಕಾಲ ಬಂದಿದೆ, ಇನ್ನು ಈ ಗುಣಗಳಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ಯಂತ್ರವು ನಿಮಿಷದಲ್ಲಿ ಬರೆದುಕೊಟ್ಟ ನೂರಾರು ಸಾಲುಗಳು ನೋಡಲು ನಯವಾಗಿರುತ್ತವೆ. ಅವುಗಳಲ್ಲಿ ಸಂಕೋಚದ ಸುಳಿವೂ ಕಾಣುವುದಿಲ್ಲ. ಓದಿ, ಅನುಮಾನಿಸಿ, ಇದು ಆ ಅಜ್ಜಿಗೆ ಸರಿಹೋಗುತ್ತದೆಯೇ ಎಂದು ಕೇಳತಕ್ಕವನು ಮನುಷ್ಯನೇ. ಬರೆಯುವ ಶ್ರಮ ಕಡಿಮೆಯಾದಷ್ಟೂ ಓದುವ ಹೊಣೆ ಹೆಚ್ಚಾಯಿತು. ವಿಲ್ಕ್ಸ್ ಅವರು ತಾವು ಮಾಡಿದ ತಪ್ಪುಗಳನ್ನು ಹುಡುಕಿದರು. ನಮ್ಮ ಹುಡುಗರು ತಾವು ಮಾಡದಿದ್ದ ತಪ್ಪುಗಳನ್ನೂ ತಮ್ಮವೆಂದೇ ಒಪ್ಪಿಕೊಂಡು ಹುಡುಕಬೇಕಾಗಿದೆ.

ಸಭೆಯಲ್ಲಿರುವ ತರುಣ ತರುಣಿಯರಲ್ಲಿ ನನ್ನದೊಂದು ಕೋರಿಕೆ. ನೀವು ಬರೆದ ತಂತ್ರಾಂಶವು ಬಳಕೆಯಾಗುವ ಸ್ಥಳ, ಅದು ತಾಲ್ಲೂಕು ಕಚೇರಿಯ ಪಹಣಿಯ ಕಿಟಕಿಯಾಗಲಿ, ಬ್ಯಾಂಕಾಗಲಿ, ಆಸ್ಪತ್ರೆಯ ಚೀಟಿ ಬರೆಯುವ ಮೇಜಾಗಲಿ, ಅಲ್ಲಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ. ನೀವು ಯಾರೆಂದು ಹೇಳಬೇಡಿ. ಬೆಳಗಿನಿಂದ ಸಂಜೆಯ ತನಕ ಸರತಿಯವರ ಜೊತೆಯಲ್ಲಿ ನಿಲ್ಲಿ. ಯಾರು ಯಾವ ಮಾತಿಗೆ ತಡವರಿಸಿದರು, ಯಾರು ಯಾವ ಕಾರಣಕ್ಕೆ ನಾಳೆ ಬನ್ನಿ ಎನಿಸಿಕೊಂಡು ಹಿಂದಿರುಗಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮರುದಿನ ಕೆಲಸಕ್ಕೆ ಕುಳಿತಾಗ ಮೊದಲು ಆ ಪುಸ್ತಕವನ್ನು ತೆರೆಯಿರಿ.